ಪಿನೋಲೆಯ ಹಲ್ಲು

ಮೊಲವನ್ನು ದತ್ತು ಕೇಳಿ ಬರುವವರಿಗೆಂದು ಇಪ್ಪತ್ತೆರಡು ಪ್ರಶ್ನೆಗಳ ಕಾಗದ ಬರೆದವಳು ನಾನು. ಪ್ರಾಣಿಗಳ ಮೇಲಿನ ಪ್ರೀತಿಯಿಂದ ಬರೆದೆನೆಂದು ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ, ಎದುರಿಗೆ ಕೂತವರ ಮುಖ ನೋಡಿ, ಇದನ್ನು ಬೀದಿಗೆ ಬಿಡುತ್ತೀರಾ, ಕೊಂದು ತಿನ್ನುತ್ತೀರಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಾಗದವಾದರೆ ಕೈಗೆ ಕೊಟ್ಟು ಒಳಗೆ ಹೋಗಿಬಿಡಬಹುದು.

ನಮ್ಮದು ಪ್ವೆಬ್ಲಾ ಊರಿನ ಐದಾರು ಹೆಂಗಸರ ಗುಂಪು. ಜನವರಿ ಆರಕ್ಕೆ ಮೂವರು ರಾಜರ ಹಬ್ಬ. ಮಕ್ಕಳು ಬೂಟಿನಲ್ಲಿ ಚೀಟಿಯಿಟ್ಟು ಉಡುಗೊರೆ ಬೇಡುತ್ತಾರೆ. ಅದರ ಹಿಂದಿನ ವಾರ ಸಂತೆಯಲ್ಲಿ ರಟ್ಟಿನ ಪೆಟ್ಟಿಗೆಗಳ ತುಂಬ ಮುಷ್ಟಿಯಷ್ಟು ಮರಿಗಳು. "ಮಿನಿ ಮೊಲ, ಬಿಳಿಯಕ್ಕಾ, ಮಿನಿ! ಇದಕ್ಕಿಂತ ಬೆಳೆಯೋದೇ ಇಲ್ಲ. ಊಟ ಒಂಚೂರು ಕಮ್ಮಿ ಹಾಕಿ, ಹಿಂಗೇ ಇರುತ್ತೆ!" ಸಂತೆಯವರಿಗೆ ಎಲ್ಲ ಹೆಂಗಸರೂ ಬಿಳಿಯಕ್ಕನೇ, ನನ್ನಂಥ ಕಪ್ಪಗಿನವಳೂ. ತಾಯಿಯ ಹಾಲು ಬಿಡಿಸದ ಮರಿ ಮಿನಿಯಾಗಿರದೆ ಇನ್ನೇನಾಗಿರುತ್ತದೆ? ಮಾರ್ಚ್ ಹೊತ್ತಿಗೆ ಅವು ಮೂರು ಕಿಲೋ ತೂಗಿ, ಸೋಫಾ ಕಡಿದು, ಪಾರ್ಕಿನ ಬೇಲಿಯ ಆಚೆ ಬಿದ್ದಿರುತ್ತವೆ. ನಾವು ಹೋಗಿ ಹೆಕ್ಕಿ ತರುತ್ತೇವೆ.

ಪಿನೋಲೆ ನನಗೆ ಸಿಕ್ಕಿದ್ದು ಹಾಗೆಯೇ. ಬೆಂಚಿನ ಕೆಳಗೆ ಇತ್ತು. ಎಡಗಿವಿಯ ತುದಿಯನ್ನು ಯಾವುದೋ ನಾಯಿ ಕಿತ್ತುಕೊಂಡಿತ್ತು. ಮೈ ಬಣ್ಣ ಹುರಿದ ಜೋಳದ ಹಿಟ್ಟಿನದು. ಆ ಹಿಟ್ಟಿಗೆ ನಾವು ಪಿನೋಲೆ ಎನ್ನುತ್ತೇವೆ. ಆರು ವಾರ ನನ್ನ ಕೋಣೆಯಲ್ಲಿತ್ತು. ನಾನು ಮಂಚದಿಂದ ಕಾಲು ಇಳಿಸಿದರೆ ಸಾಕು, ಪಾದದ ಸುತ್ತ ಗಿರಗಿರನೆ ಸುತ್ತುತ್ತಿತ್ತು. ಅದರ ಬಾಯಿ ನೋಡಿದ ಡಾಕ್ಟರ್ ಸೆಲೆರಿನೋ ಮೊದಲ ದಿನವೇ ಎಚ್ಚರಿಸಿದ್ದರು: "ಹಲ್ಲು ಸ್ವಲ್ಪ ಓರೆ ಕೂಡುತ್ತೆ. ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಗೊತ್ತಲ್ಲ. ದಿನವಿಡೀ ಒಣಹುಲ್ಲು ಅಗೀತಾ ಇದ್ರೆ ಇದು ಹತ್ತು ವರ್ಷ ಬದುಕುತ್ತೆ. ಹುಲ್ಲು ತಪ್ಪಿತು ಅಂದ್ರೆ ಹಲ್ಲೇ ಇದನ್ನ ಕೊಲ್ಲುತ್ತೆ."

ಆದ್ದರಿಂದ ನನ್ನ ಕಾಗದದಲ್ಲಿ ಏಳನೆಯ ಪ್ರಶ್ನೆ ಎಲ್ಲಕ್ಕಿಂತ ಉದ್ದ: 'ಹಲ್ಲು ಸವೆಯಲು ಮೊಲವು ದಿನವಿಡೀ ಒಣಹುಲ್ಲು ತಿನ್ನಲೇಬೇಕು, ಧಾನ್ಯ, ಬ್ರೆಡ್ಡು, ಸಿಹಿ ಅದಕ್ಕೆ ವಿಷ ಎಂಬುದು ನಿಮಗೆ ತಿಳಿದಿದೆಯೇ?' ಚೆನ್ನಾಗಿ ಬರೆದಿದ್ದೇನೆಂದು ಹೆಮ್ಮೆಯಿತ್ತು.

ಏಪ್ರಿಲ್‌ನಲ್ಲಿ ಗುಂಪಿನ ಯಜಮಾನಿ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಹೆಸರು ಒಬ್ದೂಲಿಯಾ, ಮೂವತ್ತು ವರ್ಷ ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸಿದವರು, ಹಾಗಾಗಿ ಊರಿಗೆಲ್ಲ ಮಾಯೆಸ್ತ್ರಾ.

"ಇರಾಯೀಸ್, ಮಗಳೇ, ಕೋಣೆ ಖಾಲಿ ಮಾಡು. ಇನ್ನೂ ಹನ್ನೊಂದು ಮೊಲ ನನ್ನ ಸ್ನಾನದಮನೇಲಿ ಕೂತಿವೆ. ನಾನು ಮೈ ತೊಳೆದು ನಾಲ್ಕು ದಿನ ಆಯ್ತು."

"ಇದಕ್ಕೆ ಇನ್ನೂ ಒಳ್ಳೆ ಮನೆ ಸಿಕ್ಕಿಲ್ಲ ಮಾಯೆಸ್ತ್ರಾ."

"ಸಿಕ್ಕಿಲ್ವೋ, ನೀನು ಬಿಡ್ತಾ ಇಲ್ವೋ? ಗಂಡು ಸಿಗದ ಹುಡುಗೀರು ಬೆಕ್ಕು ಸಾಕ್ತಾರೆ ಅಂತ ಕೇಳಿದ್ದೆ. ಮೊಲ ಈಗ ನೋಡ್ತಾ ಇದೀನಿ."

ಆ ವಾರ ಇಬ್ಬರು ಕೇಳಿದ್ದರು. ಮೊದಲನೆಯವರು ದೋನ್ ಕ್ರಿಸ್ಪೀನ್ ತೆಕ್ವಾಪೆತ್ಲಾ, ಚೋಲೂಲಾ ಕಡೆಯ ಇಟ್ಟಿಗೆ ಗೂಡಿನವರು. ಅರವತ್ತು ದಾಟಿದ ಆಳು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು. ಅವರ ಹೆಣ್ಣು ಮೊಲದ ಜೊತೆಗಾರ ಸತ್ತುಹೋಗಿ ಅದು ಮೂಲೆ ಹಿಡಿದಿತ್ತಂತೆ. ಟೋಪಿ ಕೈಯಲ್ಲಿ ಹಿಡಿದು, ಪ್ರಶ್ನೆಯ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸೆನ್ಯೋರಿತಾ, ಇದನ್ನ ಬಾಯಲ್ಲೇ ಕೇಳಿದ್ರೆ ಆಗಲ್ವಾ? ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ."

ಆಗುವುದಿಲ್ಲವೆಂದು ತಲೆಯಾಡಿಸಿ ಒಳಗೆ ಹೋದೆ. ಅವರು ಅಂಗಳದ ಗೋಡೆಗೆ ಕಾಗದ ಒತ್ತಿ, ನಿಂತೇ, ಒಂದು ಗಂಟೆ ಬರೆದರು. ಏಳನೆಯದಕ್ಕೆ ಉತ್ತರ: 'ಹಲ್ಲಿನ ವಿಷಯ ಗೊತ್ತಿಲ್ಲ. ಅವು ತಿನ್ನುತ್ತಲೇ ಇರುತ್ತವೆ. ಓಟ್ಸ್ ಹುಲ್ಲು ನಾನೇ ಬೆಳೆಯುತ್ತೇನೆ.' ಎಲ್ಲಿ ಮಲಗುತ್ತದೆ ಎಂಬುದಕ್ಕೆ: 'ಅಂಗಳ. ಇಟ್ಟಿಗೆಯ ಮನೆ, ನಾನು ಕಟ್ಟಿದ್ದು.' ಎಂದಾದರೂ ಮೊಲದ ಮಾಂಸ ತಿಂದಿದ್ದೀರಾ ಎಂಬುದಕ್ಕೆ: 'ಹೌದು. ಅಮ್ಮ ಒಣಮೆಣಸಿನಕಾಯಿ ಅರೆದು ಮಾಡುತ್ತಿದ್ದಳು. ಚೆನ್ನಾಗಿತ್ತು.'

ಆ 'ಚೆನ್ನಾಗಿತ್ತು' ಓದಿ ನನಗೆ ಮೈ ಉರಿಯಿತು.

ಎರಡನೆಯವರು ಸೆನ್ಯೋರಾ ಬೆಗೋನ್ಯಾ. ಗೋಡೆ ಕಟ್ಟಿದ ಬಡಾವಣೆಯ ಮನೆ, ಎಂಟು ವರ್ಷದ ಮಗಳು. ಉತ್ತರಗಳನ್ನು ಟೈಪು ಮಾಡಿ ಕಳಿಸಿದ್ದರು, ಒಂದೊಂದೂ ಮೂರು ಸಾಲು. 'ಒಣಹುಲ್ಲೇ ಮೊಲದ ಪ್ರಾಣ. ಧಾನ್ಯ, ಬ್ರೆಡ್ಡು, ಸಿಹಿ ನಮ್ಮ ಮನೆಯಲ್ಲಿ ಅದರ ಹತ್ತಿರವೂ ಸುಳಿಯುವುದಿಲ್ಲ.' ಮೊಲದ ಮಾಂಸವೇ? 'ಆ ಯೋಚನೆಯೇ ಕಣ್ಣಲ್ಲಿ ನೀರು ತರಿಸುತ್ತದೆ.' ಜೊತೆಗೊಂದು ವಿಡಿಯೋ: ತಿಳಿ ಹಳದಿ ಗೋಡೆಯ ಕೋಣೆ, ಮೆತ್ತನೆಯ ಹಾಸು, ಬಟ್ಟಲ ತುಂಬ ಹುಲ್ಲು.

ನಮ್ಮ ನಿಯಮದಂತೆ, ಮೊಲ ಕೊಡುವ ಮುನ್ನ ನಮ್ಮಲ್ಲೊಬ್ಬರು ಆ ಮನೆಗೆ ಹೋಗಿ ಕಣ್ಣಾರೆ ನೋಡಿ ಬರಬೇಕು. ಸೋಮವಾರ ಹೊರಟೆ. ಬಡಾವಣೆಯ ಬಾಗಿಲಲ್ಲಿದ್ದ ಕಾವಲುಗಾರ ನನ್ನ ಚೀಲ, ಚಪ್ಪಲಿ, ಮುಖ ಎಲ್ಲವನ್ನೂ ಒಂದು ಸಲ ಅಳೆದ.

"ಕೆಲಸದೋರಿಗೆ ಆ ಕಡೆ ಬಾಗಿಲು. ಯಾರ ಮನೆ ಪಾತ್ರೆ ತೊಳೆಯೋಕೆ?"

ಸಾಹಿತ್ಯದಲ್ಲಿ ಪದವಿ ಪಡೆದವಳು ನಾನು; ಆ ಹೊತ್ತಿಗೆ ಒಂದು ವಾಕ್ಯವೂ ಹುಟ್ಟಲಿಲ್ಲ. ತಪ್ಪು ವಿಳಾಸವೆಂದು ಗೊಣಗಿ ತಿರುಗಿ ಬಸ್ಸು ಹತ್ತಿದೆ. ಮಾಯೆಸ್ತ್ರಾ ಕೇಳಿದಾಗ, "ನೋಡಿ ಬಂದೆ, ಚೆನ್ನಾಗಿದೆ" ಎಂದೆ. ಸುಳ್ಳು ಹೇಳುವಾಗ ಮಾತ್ರ ನನ್ನ ದನಿ ತಡವರಿಸುವುದಿಲ್ಲವೆಂದು ಅಂದು ತಿಳಿಯಿತು.

ದೋನ್ ಕ್ರಿಸ್ಪೀನ್‌ಗೆ ಇಲ್ಲವೆನ್ನುವುದೊಂದು ಉಳಿದಿತ್ತು. ಅದನ್ನೂ ಕಾಗದದಲ್ಲೇ ಮಾಡಿದೆ. 'ಒಮ್ಮೆ ತಿಂದ ಬಾಯಿಗೆ ಮುದ್ದಿಸುವುದು ಬರುವುದಿಲ್ಲ' ಎಂಬ ವಾಕ್ಯ ಅದರಲ್ಲಿತ್ತು. ಎಷ್ಟು ಇಷ್ಟವಾಯಿತೆಂದರೆ ನನ್ನ ಡೈರಿಯಲ್ಲೂ ಬರೆದಿಟ್ಟುಕೊಂಡೆ. ಶನಿವಾರ ಅವರು ಒಂದು ಕಂತೆ ಓಟ್ಸ್ ಹುಲ್ಲು ಹೊತ್ತು ಬಂದಾಗ ಗೇಟಿನ ಸಂದಿಯಿಂದ ಲಕೋಟೆ ಕೊಟ್ಟು ಬಾಗಿಲು ಹಾಕಿಕೊಂಡೆ. ಹುಲ್ಲನ್ನು ಅವರು ಅಲ್ಲೇ ಬಿಟ್ಟುಹೋಗಿದ್ದರು. ಪಿನೋಲೆ ಹೊರಡುವ ದಿನದವರೆಗೂ ಅದನ್ನೇ ತಿಂದಿತು.

*

ಮೊಲ ಪಡೆದವರು ಪ್ರತಿ ಭಾನುವಾರ ಒಂದು ಫೋಟೋ ಕಳಿಸಬೇಕು; ಅದೂ ನಮ್ಮ ನಿಯಮ. ಸೆನ್ಯೋರಾ ಬೆಗೋನ್ಯಾ ಒಂದು ಭಾನುವಾರವೂ ತಪ್ಪಿಸಲಿಲ್ಲ. ಹಳದಿ ಗೋಡೆ, ಹುಲ್ಲಿನ ಬಟ್ಟಲು, ಪಿನೋಲೆ. ಹಾಸು ಮಾತ್ರ ವಾರಕ್ಕೊಂದು ಬಣ್ಣದ್ದು. ಉಳಿದವರಿಗೆಲ್ಲ ಆ ಫೋಟೋಗಳನ್ನು ಕಳಿಸಿ, 'ಹೀಗೆ ಸಾಕಬೇಕು' ಎಂದು ಬರೆಯುತ್ತಿದ್ದೆ.

ಆರನೆಯ ಭಾನುವಾರ ಬಟ್ಟಲನ್ನು ದಿಟ್ಟಿಸಿದೆ. ಅಂಚಿನಿಂದ ಒಂದು ಹುಲ್ಲುಕಡ್ಡಿ ಮುರಿದು ಹೊರಗೆ ಜೋತಿತ್ತು. ಐದನೆಯ ಫೋಟೋದಲ್ಲೂ ಅದೇ ಕಡ್ಡಿ, ಅದೇ ಮುರುಕು. ನಾಲ್ಕು, ಮೂರು, ಎರಡು, ಒಂದು. ಮೊಲ ಬಂದ ದಿನವೇ ಹಾಸುಗಳನ್ನು ಬದಲಿಸಿ ಬದಲಿಸಿ ಎಲ್ಲ ಫೋಟೋಗಳನ್ನೂ ತೆಗೆದಿಟ್ಟುಕೊಂಡಿದ್ದರು. ಆರು ವಾರದಿಂದ ಪಿನೋಲೆ ಎಲ್ಲಿದೆ, ಏನು ತಿನ್ನುತ್ತಿದೆ ಎಂಬುದಕ್ಕೆ ಒಂದು ಸಾಕ್ಷಿಯೂ ಇರಲಿಲ್ಲ.

ನನಗೆ ಗೊತ್ತಾದದ್ದು ಆ ದಿನ. ಫೋನ್ ಮಾಡಬಹುದಿತ್ತು. ಏನೆಂದು ಮಾತು ಶುರುಮಾಡುವುದೆಂದು ಡೈರಿಯಲ್ಲಿ ನಾಲ್ಕು ಬಗೆಯಲ್ಲಿ ಬರೆದು ನೋಡಿದೆ. ನಾಲ್ಕನ್ನೂ ಹೊಡೆದುಹಾಕಿದೆ. ಮುಂದಿನ ಭಾನುವಾರ ಇನ್ನೊಂದು ಫೋಟೋ ಬಂತು, ಅದೇ ಕಡ್ಡಿ. 'ಮುದ್ದಾಗಿದೆ, ಧನ್ಯವಾದ' ಎಂದು ಉತ್ತರ ಕಳಿಸಿದೆ. ಹೀಗೆ ಮೂರು ವಾರ ಕಳೆಯಿತು.

ಕೊನೆಗೆ ಸಂದೇಶ ಬಂದದ್ದು ಸೆನ್ಯೋರಾ ಬೆಗೋನ್ಯಾರಿಂದಲೇ; ಅವರ ಬಾಯಲ್ಲಿ ಎಲ್ಲರೂ ರಾಣಿಯೇ. 'ರಾಣಿ, ನಾಳೆ ಚರ್ಚಲ್ಲಿ ಮಗಳ ಮೊದಲ ಪ್ರಸಾದ, ಆಮೇಲೆ ಪಾರ್ಟಿ. ಫೋಟೋಗೆ ಇರಲಿ ಅಂತ ಮೊಲಕ್ಕೆ ಸ್ನಾನ ಮಾಡಿಸಿದ್ವಿ. ನಡುಗ್ತಾ ಬಿದ್ದಿದೆ. ಎಬ್ಬಿಸಿ ಕೂರಿಸೋಕೆ ಏನಾದ್ರೂ ಇದೆಯಾ?'

ಮೊಲವನ್ನು ನೀರಿಗೆ ಹಾಕಬಾರದು. ಮೈ ತಣ್ಣಗಾಗಿ, ಹೆದರಿಯೇ ಸಾಯಬಹುದು. ಅದು ನನ್ನ ಹದಿನಾಲ್ಕನೆಯ ಪ್ರಶ್ನೆ. ಅದಕ್ಕೂ ಅವರು ಮೂರು ಸಾಲು ಬರೆದಿದ್ದರು. ಟವೆಲು, ಪಂಜರ ಹಿಡಿದು ಓಡಿದೆ. ಕಾವಲುಗಾರ ಏನು ಕೇಳಿದನೋ, ನಿಂತು ಕೇಳಿಸಿಕೊಳ್ಳಲಿಲ್ಲ.

ಹಳದಿ ಕೋಣೆಯ ತುಂಬ ಪಾರ್ಟಿಯ ಬಿಳಿ ಬಲೂನುಗಳು. ಪಿನೋಲೆ ಅಲ್ಲಿರಲಿಲ್ಲ. ಸೆನ್ಯೋರಾ ಕೂದಲಿಗೆ ಸುರುಳಿ ಸುತ್ತಿಕೊಂಡೇ ತಾರಸಿಗೆ ಹತ್ತಿಸಿದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಗಿಳಿಯ ಪಂಜರ, ತಂತಿಯ ತಳ. ಒಳಗೆ ಪಿನೋಲೆ, ಒದ್ದೆ ಮುದ್ದೆ, ಕೊರಳಿಗೆ ಬಿಳಿ ಸ್ಯಾಟಿನ್ ರಿಬ್ಬನ್. ತಟ್ಟೆಯಲ್ಲಿ ಹಾಲಿನಲ್ಲಿ ನೆನೆಸಿದ ಸಕ್ಕರೆ ಬ್ರೆಡ್ಡು.

"ಕೆಳಗಿತ್ತು ಚಿನ್ನ, ಒಂದು ವಾರ ಇತ್ತು. ಟಿವಿ ವೈರು ಕಡಿದು ಹಾಕ್ತು. ಮಗಳಿಗೂ ಬೇಜಾರು ಬಂತು, ಎತ್ಕೊಂಡ್ರೆ ಒದೆಯುತ್ತೆ ಅಂತ."

"ಹುಲ್ಲು?"

"ತಿಂತಾ ಇರ್ಲಿಲ್ಲಪ್ಪ. ಮೆತ್ತಗಿನದು ಕೊಟ್ರೆ ತಿನ್ನುತ್ತೆ ಪಾಪ. ನಮ್ಮನೇಲಿ ಯಾರೂ ಉಪವಾಸ ಇರಲ್ಲ."

"ನೀವು... ನೀವು ಬರೆದಿದ್ರಲ್ಲ."

ಅವರು ನಕ್ಕರು. ಕೆಟ್ಟ ನಗುವಲ್ಲ. ಮದುವೆಮನೆಯಲ್ಲಿ ಬಡ ನೆಂಟರ ಹುಡುಗಿಯನ್ನು ಕಂಡು ನಗುವಂಥದ್ದು.

"ನಿಮ್ಮ ಪ್ರಶ್ನೆಪತ್ರಿಕೆ ನಂಗೆ ಬಹಳ ಹಿಡಿಸ್ತು ರಾಣಿ. ಪ್ರಶ್ನೇಲೇ ಉತ್ತರ ಬರೆದಿಟ್ಟಿದ್ರಲ್ಲ! ನಮ್ಮ ಕಾನ್ವೆಂಟಲ್ಲಿ ಇಂಥ ಟೀಚರ್ ಒಬ್ರೂ ಇರ್ಲಿಲ್ಲ. ಹ್ಞಾಂ, ಆ ರಿಬ್ಬನ್ ಬಿಚ್ಚಿಟ್ಟು ಹೋಗಿ, ನಾಳೆ ಕೇಕಿಗೆ ಬೇಕು."

ರಿಬ್ಬನ್ ಬಿಚ್ಚಿಟ್ಟೆ. ಗದ್ದದ ಕೆಳಗಿನ ರೋಮವೆಲ್ಲ ಜೊಲ್ಲಿನಿಂದ ಉದುರಿ, ಚರ್ಮ ಕೆಂಪಗೆ ಕೊರೆದುಹೋಗಿತ್ತು. ಹಿಂಗಾಲುಗಳ ಅಡಿಯಲ್ಲಿ ತಂತಿ ಒತ್ತಿದ ಗಾಯ. ಮೇಲ್ದವಡೆಯ ಎರಡು ಹಲ್ಲು ಒಳಕ್ಕೆ ಸುರುಳಿ ತಿರುಗಿ ಅಂಗುಳವನ್ನು ಮುಟ್ಟುತ್ತಿದ್ದವು.

ಡಾಕ್ಟರ್ ಸೆಲೆರಿನೋ ಬಾಯಿಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಮುಂದಿನ ಹಲ್ಲು ಕತ್ತರಿಸಬಹುದು, ಅದು ದೊಡ್ಡ ಮಾತಲ್ಲ. ಹಿಂದಿನ ದವಡೆ ಹಲ್ಲು ಚೂಪಾಗಿ ನಾಲಿಗೆ ಕುಯ್ದಿದೆ. ಬೇರು ಕೆಳಗಿಳಿದು ದವಡೆ ಮೂಳೇಲಿ ಕೀವು ತುಂಬಿದೆ. ಮೂರು ವಾರ ಮುಂಚೆ ತಂದಿದ್ರೆ ಏನಾದ್ರೂ ಮಾಡ್ತಿದ್ದೆ."

ನಾನು ಸುಮ್ಮನೆ ಕಳೆದ ಮೂರು ವಾರದ ಲೆಕ್ಕ ಅವರಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿದ್ದರು.

ಮಾಯೆಸ್ತ್ರಾ ನನ್ನ ಪಕ್ಕದಲ್ಲೇ ನಿಂತಿದ್ದರು. "ಆ ಮನೆಗೆ ನೀನು ಹೋಗೇ ಇರ್ಲಿಲ್ಲ, ಅಲ್ವಾ?"

ನಾನು ನೆಲ ನೋಡಿದೆ.

"ನಂಗೆ ಕುಡುಕರು ಗೊತ್ತು, ಕಳ್ಳರು ಗೊತ್ತು. ಅವರತ್ರ ಒಂದು ಮಾತಾಡಿ ಬಯ್ಯಬಹುದು. ನಿನ್ನ ತರದ ಮೆತ್ತಗಿನೋರನ್ನ ಏನು ಮಾಡೋದು ಹೇಳು? ಬೈದ್ರೆ ಅಳ್ತೀರಿ, ಬಿಟ್ರೆ ಕೊಲ್ತೀರಿ." ಆಮೇಲೆ ಡಾಕ್ಟರ ಕಡೆ ತಿರುಗಿ, "ಮಲಗಿಸಿಬಿಡಿ ಡಾಕ್ಟ್ರೇ, ನರಳೋದು ಬೇಡ" ಅಂದರು.

"ಬೇಡ," ಅಂದೆ. "ನಾನು ನೋಡ್ಕೋತೀನಿ."

*

ನೋಡಿಕೊಂಡೆ. ಹುಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಟವೆಲಿನಲ್ಲಿ ಮೊಲವನ್ನು ಸುತ್ತಿ, ಕೆನ್ನೆಯ ಪಕ್ಕದಿಂದ ದಿನಕ್ಕೆ ಐದು ಸಲ. ನೋವಿಗೆ ಔಷಧ, ಕೀವಿಗೆ ಚುಚ್ಚುಮದ್ದು, ಪಾದಕ್ಕೆ ಮುಲಾಮು. ಒಂದೂ ತಪ್ಪಿಸಲಿಲ್ಲ. ಇಷ್ಟು ಮಾಡಿದರೆ ನನಗೊಂದು ಕ್ಷಮೆ ಸಿಗುತ್ತದೆಂದು ಲೆಕ್ಕ ಹಾಕಿದ್ದೆ. ಪಿನೋಲೆಗೆ ಆ ಲೆಕ್ಕ ಗೊತ್ತಿರಲಿಲ್ಲ. ನಾನು ಮಂಚದಿಂದ ಕಾಲು ಇಳಿಸಿದರೆ ಅದು ಕಪಾಟಿನ ಹಿಂದೆ ತೂರಿಕೊಂಡು ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ಕಟಕಟನೆ ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ತಾಳಲಾರದ ನೋವಿದ್ದಾಗ ಮೊಲ ಹಾಗೆ ಮಾಡುತ್ತದೆ.

ಹನ್ನೆರಡನೆಯ ದಿನ ಬೆಳಿಗ್ಗೆ, ಟವೆಲು ಹಿಡಿದು ಬಗ್ಗಿದೆನಷ್ಟೆ, ಅದು ಕಿರುಚಿತು. ಮೊಲಕ್ಕೆ ದನಿಯೇ ಇಲ್ಲವೆಂದು ಜನ ತಿಳಿದಿರುತ್ತಾರೆ. ಇದೆ. ನಾಯಿಯ ಬಾಯಿಗೆ ಬಿದ್ದಾಗ, ಕೊರಳಿಗೆ ಕತ್ತಿ ಬಂದಾಗ ಒಂದೇ ಸಲ ತೆಗೆಯುತ್ತದೆ. ಎಳೆಮಗು ಕಿರುಚಿದ ಹಾಗೆ. ಅಡುಗೆಮನೆಯಿಂದ ಅಮ್ಮ ಓಡಿ ಬಂದಳು.

"ಏನೇ ಮಾಡಿದೆ ಅದಕ್ಕೆ?"

"ಏನೂ ಮಾಡಿಲ್ಲಮ್ಮ. ಊಟ ಕೊಡೋಕೆ ಬಂದೆ."

ಅಮ್ಮ ನನ್ನನ್ನೂ ಅದನ್ನೂ ನೋಡಿದಳು. "ಹನ್ನೆರಡು ದಿನದಿಂದ ಅದನ್ನ ಸಾಯೋಕೂ ಬಿಡ್ತಾ ಇಲ್ಲ ನೀನು," ಅಂದು ಒಳಗೆ ಹೋದಳು.

ಅಂದು ಮಧ್ಯಾಹ್ನ ಪಂಜರ ಹಿಡಿದು ಇಟ್ಟಿಗೆ ಗೂಡಿಗೆ ಹೋದೆ. ದೋನ್ ಕ್ರಿಸ್ಪೀನ್ ಹಸಿ ಇಟ್ಟಿಗೆಗಳನ್ನು ಒಣಗಲು ಮಗ್ಗುಲು ತಿರುಗಿಸುತ್ತಿದ್ದರು. ನನ್ನನ್ನು ಗುರುತಿಸಿದರು, ಟೋಪಿ ಮಾತ್ರ ತೆಗೆಯಲಿಲ್ಲ. ಅಂಗಳದಲ್ಲಿ ಇಟ್ಟಿಗೆಯ ಪುಟ್ಟ ಮನೆ, ಗಾಳಿಗೆ ಕಿಂಡಿ, ಬಿಸಿಲಿಗೆ ಚಾವಣಿ. ಎದುರಿಗೆ ಎರಡು ಮೊಲ ಮೈಗೆ ಮೈ ತಾಗಿಸಿ ಕೂತು ಓಟ್ಸ್ ಹುಲ್ಲು ಮೇಯುತ್ತಿದ್ದವು.

"ನಾದಿನಿ ಮನೇಲಿ ಒಂದಿತ್ತು, ಅದನ್ನ ತಗೊಂಡು ಬಂದೆ," ಅಂದರು. "ಅವಳು ಏನೂ ಕೇಳ್ಲಿಲ್ಲ. ಬುಟ್ಟಿ ತಂದಿದೀಯಾ ಅಂತ ಕೇಳಿದ್ಲು ಅಷ್ಟೆ."

ನಾನು ಪಂಜರ ಕೆಳಗಿಟ್ಟೆ. ಕ್ಷಮಿಸಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಾಯಿಗೆ ಬಂದದ್ದು, "ಇದು ಪಿನೋಲೆ" ಎಂದು.

ಅವರು ಕೂತು, ಪಂಜರದ ಬಾಗಿಲು ತೆಗೆದು, ಎರಡು ಬೆರಳಿನಲ್ಲಿ ದವಡೆ ಸವರಿದರು. ಪಿನೋಲೆ ಕಿರುಚಲಿಲ್ಲ. ಆ ಮಣ್ಣು ಮೆತ್ತಿದ ಕೈಯ ಕೆಳಗೆ ತಲೆಯಿಟ್ಟು ಸುಮ್ಮನಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

"ನಿಮ್ಮ ಕಾಗದ ಓದಿದ್ದು ನನ್ನ ಹೆಂಡತಿ," ಅಂದರು ತಲೆ ಎತ್ತದೆ. "ನಂಗೆ ಓದು ನಿಧಾನ. ಅವಳು ಗಟ್ಟಿಯಾಗಿ ಓದಿದ್ಲು. ಮೂವತ್ತೆಂಟು ವರ್ಷದಿಂದ ಜೊತೇಲಿರೋಳು. 'ನಿಂಗೆ ಮುದ್ದಿಸೋಕೇ ಬರಲ್ವಂತೆ ಕಣೋ' ಅಂತ ನಕ್ಕಳು. ನಾನು ನಗ್ಲಿಲ್ಲ ಅಂತ ಗೊತ್ತಾದ ಮೇಲೆ ಸುಮ್ಮನಾದ್ಲು."

"ನಾನು ಹಾಗೆ ಬರೀಬಾರದಿತ್ತು."

"ಬರೆದದ್ದು ಚೆನ್ನಾಗಿತ್ತು. ಓದಿದೋರಲ್ವಾ ನೀವು." ಈಗ ತಲೆ ಎತ್ತಿದರು. "ಸರಿ, ಇದನ್ನ ನನ್ನತ್ರ ಯಾಕೆ ತಂದ್ರಿ?"

ನಾನು ಮೇಯುತ್ತಿದ್ದ ಮೊಲಗಳ ಕಡೆ ನೋಡಿದೆ.

"ಸಾಕೋಕಾ? ಸಾಕೋಕೆ ಇದರಲ್ಲಿ ಏನೂ ಉಳಿದಿಲ್ಲ. ನಿಮಗೂ ಗೊತ್ತು. ತಿಂದ ಬಾಯಿ, ಕುಯ್ಯೋಕೂ ಬರುತ್ತೆ, ಒಂದೇ ಏಟಿಗೆ ಮುಗಿಸಿಕೊಡ್ತಾನೆ ಅಂತ ಬಂದ್ರಿ. ಅಲ್ವಾ?"

ಅವರು ಹೇಳುವವರೆಗೂ ನನಗೆ ತಿಳಿದಿರಲಿಲ್ಲ. ಹೇಳಿದ ಮೇಲೆ, ಅದನ್ನು ಬಿಟ್ಟು ಬೇರೇನೂ ಅಲ್ಲವೆಂದು ತಿಳಿಯಿತು.

"ಹೊಟ್ಟೆಗೆ ಬೇಕಾದಾಗ ಸಾಯಿಸಿದೀನಿ ಸೆನ್ಯೋರಿತಾ. ನಿಮ್ಮ ಮನಸ್ಸಿಗೆ ಹಾಯಾಗಲಿ ಅಂತ ಸಾಯಿಸಲ್ಲ." ಪಂಜರದ ಬಾಗಿಲು ಹಾಕಿ ನನ್ನ ಕಾಲ ಬಳಿ ಸರಿಸಿದರು. "ಬಿಸಿಲಲ್ಲಿ ಇಡಬೇಡಿ. ಹೋಗಿ."

ಗೂಡಿನ ಮೂಲೆ ತಿರುಗುವಾಗ ಅವರ ಹೆಂಡತಿ ಬಾಗಿಲಿಗೆ ಬಂದು, "ಯಾರೋ ಅದು?" ಎಂದು ಕೂಗಿದ್ದು ಕೇಳಿಸಿತು. "ದಾರಿ ತಪ್ಪಿದೋರು," ಅಂದರು ಅವರು.

ಅಲ್ಲಿಂದ ನೇರವಾಗಿ ಡಾಕ್ಟರ ಬಳಿಗೆ ಹೋದೆ. ಮೇಜಿನ ಮೇಲೆ ಪಿನೋಲೆಯನ್ನು ಇಟ್ಟಾಗ ಡಾಕ್ಟರ್ ಸೆಲೆರಿನೋ ಏನೂ ಕೇಳದೆ ಕೈಗವಸು ಹಾಕಿಕೊಂಡರು.

"ಹೊರಗೆ ಕೂತಿರ್ತೀರಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಾಗಾದ್ರೆ ಹೇಳಿ. ಮಾಡ್ಲಾ?"

ತಲೆಯಾಡಿಸಿದೆ.

"ತಲೆ ಆಡಿಸಿದ್ರೆ ನಡೆಯಲ್ಲ ಇರಾಯೀಸ್. ಬಾಯಿ ಬಿಟ್ಟು ಹೇಳಿ. ನಾನೆಲ್ಲಿ ಒಪ್ಪಿದ್ದೆ ಅಂತ ನಾಳೆ ಬಂದು ಅಳೋರನ್ನ ಬೇಕಾದಷ್ಟು ನೋಡಿದೀನಿ."

"ಮಾಡಿ," ಅಂದೆ.

ಎಷ್ಟು ಗಟ್ಟಿಯಾಗಿ ಬಂತೆಂದರೆ, ಹೊರಗೆ ನಾಯಿ ಹಿಡಿದು ಕೂತಿದ್ದ ಮುದುಕಿ ಬಾಗಿಲ ಸಂದಿಯಿಂದ ಇಣುಕಿದಳು. ನನ್ನ ದನಿ ಕೇಳಿ ಪಿನೋಲೆ ಮೇಜಿನ ಮೇಲೆ ತೆವಳಿಕೊಂಡು ಹೋಗಿ ಡಾಕ್ಟರ ಮೊಣಕೈ ಸಂದಿಗೆ ಮುಖ ತೂರಿಸಿತು. ನಾನು ಬೆನ್ನ ಮೇಲಿಂದ ಕೈ ತೆಗೆಯಲಿಲ್ಲ. ಕೈಯ ಕೆಳಗೆ ಅದು ನಡುಗುತ್ತಲೇ ಇತ್ತು. ಸೂಜಿಗೆ ಹೆದರಿ ಅಲ್ಲ. ಸೂಜಿ ಇನ್ನೂ ಅದಕ್ಕೆ ಕಂಡಿರಲಿಲ್ಲ. ಸೂಜಿ ಒಳಗೆ ಹೋದ ಮೇಲೆಯೇ ನಡುಕ ನಿಂತಿತು.